ಹಳೆಯ ಬುಲ್ಡೋಜರಿನ ಹಲ್ಲು

ಎತ್ತನ್ನು ಕೊಳ್ಳಲು ಹೋದವನು ಮೊದಲು ಅದರ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಎಂಬುದನ್ನು ಕಂಡ ಮೇಲೆಯೇ ಬೆಲೆಯ ಮಾತು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನು ಕಂಡ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಕೊರಳಿನ ಗಂಟೆಯನ್ನೋ ಕೊಂಬಿನ ಬಣ್ಣವನ್ನೋ ನೋಡಿ ಹಣ ಎಣಿಸುವವನನ್ನು ಅಲ್ಲಿ ಯಾರೂ ಜಾಣನೆನ್ನುವುದಿಲ್ಲ. ಆದರೆ 20 ಟನ್ ತೂಕದ ಕಬ್ಬಿಣದ ಗೂಳಿಯೊಂದಕ್ಕೆ ಬೆಲೆ ಕಟ್ಟುವ ಪ್ರಸಂಗ ಒದಗಿದಾಗ, ಓದು ಬರಹ ಬಲ್ಲ ನಾವು ಅದರ ಬಾಯನ್ನು ಕೂಡ ನೋಡಲಿಲ್ಲ.

ಪುಣೆಯ ಸರ್ಕಾರಿ ಕಚೇರಿಯೊಂದರಲ್ಲಿ ನಮ್ಮದು ಗುಮಾಸ್ತೆಗಿರಿ. ಕೆಲವು ವರ್ಷಗಳ ಹಿಂದೆ ಉಪಯೋಗಕ್ಕೆ ಬಾರದೆಂದು ತೀರ್ಮಾನವಾದ ಒಂದು ಬುಲ್ಡೋಜರಿನ ಕಡತ ನಮ್ಮ ಮೇಜಿಗೆ ಬಂದಿತು. ಕೊಂಡ ಬೆಲೆಯನ್ನು ಹುಡುಕಿದೆವು. ವರ್ಷಕ್ಕಿಷ್ಟು ಸವಕಳಿಯೆಂದು ಕಳೆದೆವು. ಉಳಿದುದನ್ನು ಮೀಸಲು ಬೆಲೆಯೆಂದು ಬರೆದು ಮೇಲಕ್ಕೆ ಕಳುಹಿಸಿದೆವು. ಯಂತ್ರ ನಿಂತಿದ್ದ ಅಂಗಳಕ್ಕೆ ಹೋಗಬೇಕೆಂದು ನಮಗೂ ತೋಚಲಿಲ್ಲ, ಸಹಿ ಹಾಕಿದವರಿಗೂ ತೋಚಲಿಲ್ಲ. ಎರಡು ಸಲ ಹರಾಜು ನಡೆದರೂ ಒಬ್ಬನೂ ಕೂಗಲಿಲ್ಲ. ಎರಡು ಮಳೆಗಾಲ ಅದು ಬಯಲಿನಲ್ಲಿ ನೆನೆಯಿತು. ಬ್ಯಾಟರಿ ಮಾಯವಾಯಿತು, ಸೀಟಿನಲ್ಲಿ ಇಲಿ ಮರಿ ಹಾಕಿತು, ಎಂಜಿನ್ ಹಿಡಿದುಹೋಯಿತು. ಕೊನೆಗೆ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಯಿತು. ಯಾರೂ ನಮ್ಮನ್ನು ಗದರಿಸಲಿಲ್ಲ. ಕಡತದಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು. ನಷ್ಟವಾದುದು ಜನರ ಹಣ ಮಾತ್ರ.

ಇಲ್ಲಿ ನಿಯಮದ ದೋಷವೇನೂ ಇಲ್ಲ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಪುಸ್ತಕ ಬೆಲೆ, ಮಾರ್ಗದರ್ಶಿ ಬೆಲೆ, ಮೀಸಲು ಬೆಲೆ ಎಂದು ಮೂರನ್ನು ಬೇರೆ ಬೇರೆಯಾಗಿಯೇ ಹೆಸರಿಸುತ್ತವೆ. ಉಳಿಕೆ ಬೆಲೆ 2 ಲಕ್ಷ ರೂಪಾಯಿ ಮೀರಿದರೆ ಟೆಂಡರ್ ಅಥವಾ ಬಹಿರಂಗ ಹರಾಜು ಎಂದೂ ವಿಧಿಸುತ್ತವೆ. ಮೂರು ಬೆಲೆಗಳನ್ನು ಒಂದೇ ಎಂದು ತಿಳಿದುದು ನಮ್ಮ ತಪ್ಪು.

ಪುಸ್ತಕದ ಬೆಲೆ ಎಷ್ಟು ಚಂಚಲವಾದುದೆಂಬುದಕ್ಕೆ ಒಂದು ಲೆಕ್ಕ. ಕಡತದ ಅಂಕಿಗಳನ್ನು ಇಲ್ಲಿ ಕೊಡುವುದು ಉಚಿತವಲ್ಲ. ದುಂಡು ಅಂಕಿಗಳನ್ನೇ ಹಿಡಿಯೋಣ. 1 ಕೋಟಿ ರೂಪಾಯಿಗೆ ಕೊಂಡ ಯಂತ್ರ, ಈಗ ಅದಕ್ಕೆ ಹತ್ತು ವರ್ಷ. ಆದಾಯ ತೆರಿಗೆಯ ಲೆಕ್ಕದಲ್ಲಿ ಸಾಮಾನ್ಯ ಯಂತ್ರಗಳಿಗೆ ಹೇಳಿರುವಂತೆ, ವರ್ಷವರ್ಷವೂ ಉಳಿದ ಬೆಲೆಯ ಮೇಲೆ ಶೇಕಡ 15ರಂತೆ ಕಳೆದರೆ ಸುಮಾರು 19 ಲಕ್ಷ 69 ಸಾವಿರ ಉಳಿಯುತ್ತದೆ. 2013ರ ಕಂಪನಿ ಕಾಯಿದೆಯ ಎರಡನೆಯ ಅನುಸೂಚಿಯಾದರೋ ಮಣ್ಣು ತಳ್ಳುವ ಯಂತ್ರಗಳಿಗೆ 9 ವರ್ಷದ ಆಯುಸ್ಸನ್ನು ಹೇಳುತ್ತದೆ. ಅದು ತೀರಿದ ಮೇಲೆ ಉಳಿಸಿಕೊಳ್ಳುವುದು ಸಾಮಾನ್ಯವಾಗಿ ಶೇಕಡ 5, ಅಂದರೆ 5 ಲಕ್ಷ. ಯಂತ್ರ ಒಂದೇ, ಬೆಲೆ ಎರಡು! ಗುಜರಿಯವನು ಕಿಲೋಗೆ 30 ರೂಪಾಯಿ ಕೊಡುವನೆಂದು ಇಟ್ಟುಕೊಂಡರೆ 20 ಟನ್ನಿಗೆ 6 ಲಕ್ಷವಾಯಿತು. ಸತ್ತ ಯಂತ್ರದ ತೂಕವೇ ಎರಡನೆಯ ಪುಸ್ತಕದ ಬೆಲೆಯನ್ನು ಮೀರಿತು.

ಎರಡನೆಯ ಬುಲ್ಡೋಜರಿನ ಕಡತ ಬಂದಾಗ ನಮಗೆ ಭಯವಾಯಿತು. ಆಗ ನೆನಪಾದವರು ನಮ್ಮ ಸಂಘದ ರಾಜ್ಯೋತ್ಸವದಲ್ಲಿ ಪರಿಚಯವಾಗಿದ್ದ ಹಿರಿಯರೊಬ್ಬರು. ಕೆ.ಜಿ.ಎಫ್.ನ ಬೆಮೆಲ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿ ಇಲ್ಲಿ ಮಗನ ಮನೆಯಲ್ಲಿ ಇದ್ದರು. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದರೂ ಆ ಊರಿನಲ್ಲಿ ಬುಲ್ಡೋಜರ್ ಕಟ್ಟುವ ಕೆಲಸ ನಿಲ್ಲಲಿಲ್ಲ. ಮೇಲಧಿಕಾರಿಗಳ ಅನುಮತಿ ಪಡೆದು ಅವರನ್ನು ಅಂಗಳಕ್ಕೆ ಕರೆದೊಯ್ದೆವು. ನಾವು ಕಡತವನ್ನು ಬಿಚ್ಚಿದೆವು. ಅವರು ಪಂಚೆ ಮೇಲೆ ಕಟ್ಟಿ ಯಂತ್ರದ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತರು.

“ಅದನ್ನು ಆಮೇಲೆ ಓದಪ್ಪ. ಮೊದಲು ಕಾಲು ನೋಡು” ಎಂದರು.

ಬುಲ್ಡೋಜರಿನ ಕಾಲೆಂದರೆ ಅಂಡರ್‌ಕ್ಯಾರೇಜ್: ಚೈನು, ಅದಕ್ಕೆ ಬಿಗಿದ ಶೂಗಳು, ರೋಲರುಗಳು, ಮುಂದಿನ ಐಡ್ಲರ್, ಹಿಂದಿನ ಹಲ್ಲುಗಾಲಿಯಾದ ಸ್ಪ್ರಾಕೆಟ್. ಇಂಥ ಯಂತ್ರದ ಜೀವಮಾನದ ರಿಪೇರಿ ಖರ್ಚಿನಲ್ಲಿ ಹತ್ತಿರ ಹತ್ತಿರ ಅರ್ಧಭಾಗ ಇದೊಂದಕ್ಕೇ ಹೋಗುತ್ತದೆಂದು ಈ ಕಸುಬಿನವರು ಲೆಕ್ಕ ಹಾಕುತ್ತಾರೆ. ಚೈನಿನೊಳಗಿನ ಪಿನ್ನೂ ಬುಷ್ಷೂ ಸವೆದಂತೆಲ್ಲ ಕೊಂಡಿಯಿಂದ ಕೊಂಡಿಗೆ ದೂರ ಹೆಚ್ಚುತ್ತದೆ, ಚೈನು ಉದ್ದವಾಗುತ್ತದೆ, ಆಗ ಸ್ಪ್ರಾಕೆಟಿನ ಹಲ್ಲಿನಲ್ಲಿ ಅದು ಸರಿಯಾಗಿ ಕೂರದೆ ಹಲ್ಲು ಮೊನಚಾಗುತ್ತದೆ. ಹಿರಿಯರು ಚೈನನ್ನು ಬಿಗಿಮಾಡಿಸಿ ನಾಲ್ಕು ಕೊಂಡಿಗಳ ಉದ್ದವನ್ನು ಅಳೆದು ಕಂಪನಿಯ ಪಟ್ಟಿಯೊಡನೆ ಹೋಲಿಸಿದರು. ಪಿನ್ನು ಬುಷ್ಷುಗಳನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಸವೆಯದ ಪಕ್ಕ ಕೆಲಸಕ್ಕೆ ಬರುತ್ತದೆ; ಆದರೆ ಅದು ಒಂದೇ ಸಲ. ಇದರಲ್ಲಿ ಅದೂ ಆಗಿಹೋಗಿತ್ತು. ಸ್ಪ್ರಾಕೆಟಿನ ಹಲ್ಲನ್ನು ಬೆರಳಿನಿಂದ ಮುಟ್ಟಿ, “ಬಾಯಿಗೂಡಿ ಬಹಳ ದಿವಸವಾಯಿತು” ಎಂದು ನಕ್ಕರು.

ಆಮೇಲೆ ಎಂಜಿನ್. ಶುರು ಮಾಡುವ ಮೊದಲು ಅದರ ಮೇಲೆ ಕೈಯಿಟ್ಟು ನೋಡಿದರು. ಮಾರುವವನು ಮೊದಲೇ ಬಿಸಿಮಾಡಿ ಇಟ್ಟಿದ್ದರೆ ತಣ್ಣನೆಯ ಎಂಜಿನ್ನಿನ ತಕರಾರು ಕಾಣುವುದಿಲ್ಲವಂತೆ. ನೀಲಿ ಹೊಗೆ ಬಂದರೆ ಅದು ಎಂಜಿನ್ ಎಣ್ಣೆಯನ್ನು ಕುಡಿಯುತ್ತಿರುವುದರ ಗುರುತು. ಚಕ್ರದ ಗೇರುಪೆಟ್ಟಿಗೆಯ ಎಣ್ಣೆಯಲ್ಲಿ ಹೊಳೆಯುವ ಲೋಹದ ಚೂರು ಸಿಕ್ಕಿದರೆ ಒಳಗೆ ಏನೋ ಅರೆಯುತ್ತಿದೆ. ಬ್ಲೇಡನ್ನು ಹಿಡಿದಿರುವ ತೋಳುಗಳ ಮೇಲೆ ಹೊಸ ಬಣ್ಣ ಕಂಡರೆ ಅದರ ಕೆಳಗೆ ಬಿರುಕಿನ ಬೆಸುಗೆ ಇದೆಯೇ ಎಂದು ಕೆರೆದು ನೋಡಬೇಕು. ಯಂತ್ರ ಎಷ್ಟು ಗಂಟೆ ಓಡಿದೆಯೆಂದು ತೋರಿಸುವ ಅವರ್ ಮೀಟರನ್ನು ಅವರು ಕಟ್ಟಕಡೆಗೆ ನೋಡಿದರು. ಮೀಟರನ್ನು ಬದಲಾಯಿಸಬಹುದು, ಸವೆದ ಹಲ್ಲು ಸುಳ್ಳು ಹೇಳದು ಎಂಬುದು ಅವರ ವಾದ.

ಇನ್ನು ಬೆಲೆ. ನಾವು ಕೊಂಡ ಬೆಲೆಯಿಂದ ಕೆಳಕ್ಕೆ ಇಳಿದು ಬಂದಿದ್ದೆವು. ಅವರು ಕೊಳ್ಳುವವನ ಜೇಬಿನಿಂದ ಲೆಕ್ಕ ತೆಗೆದರು. ಅದೇ ಮಾದರಿಯ, ಅದೇ ವಯಸ್ಸಿನ, ಸುಸ್ಥಿತಿಯ ಯಂತ್ರ ಪೇಟೆಯಲ್ಲಿ 22 ಲಕ್ಷಕ್ಕೆ ಮಾರಿದೆ ಎನ್ನೋಣ. ಹೊಸ ಅಂಡರ್‌ಕ್ಯಾರೇಜಿಗೆ 8 ಲಕ್ಷ. ಇದರಲ್ಲಿ ಮುಕ್ಕಾಲು ಸವೆದಿದೆ, ಆದುದರಿಂದ 6 ಲಕ್ಷ ಕಳೆಯಬೇಕು. ಎಂಜಿನ್ನಿಗೂ ಹೈಡ್ರಾಲಿಕ್ಕಿಗೂ 2 ಲಕ್ಷ. ಈ ಗೂಳಿ ತಾನೇ ನಡೆದು ಊರು ಸೇರುವುದಿಲ್ಲ. ತಗ್ಗು ಟ್ರೈಲರಿನ ಮೇಲೆ ಹೊತ್ತೊಯ್ಯಲು 1 ಲಕ್ಷ. ಉಳಿದುದು 13 ಲಕ್ಷ. ಇದು ಗುಜರಿಯ 6 ಲಕ್ಷಕ್ಕಿಂತ ಮೇಲಿರುವುದರಿಂದ ಯಂತ್ರವಾಗಿಯೇ ಮಾರುವುದು ಲೇಸು. ಒಂದು ಪುಸ್ತಕವನ್ನು ನಂಬಿ 19 ಲಕ್ಷ 69 ಸಾವಿರ ಕೇಳಿದ್ದರೆ ಅದು ಮಳೆಯಲ್ಲಿ ನಿಲ್ಲುತ್ತಿತ್ತು; ಇನ್ನೊಂದನ್ನು ನಂಬಿ 5 ಲಕ್ಷ ಮೀಸಲು ಇಟ್ಟಿದ್ದರೆ ಗುಜರಿಗಿಂತ ಅಗ್ಗವಾಗಿ ಕೈ ಬಿಡುವ ಅಪಾಯವಿತ್ತು.

ಈ ಬಗೆಯ ಲೆಕ್ಕವನ್ನೇ, ಪ್ರತಿಯೊಂದು ಅಂಕಿಗೂ ಕಾರಣ ಸಹಿತವಾಗಿ, ಟಿಪ್ಪಣಿಯಲ್ಲಿ ಬರೆದೆವು. ನಾಲ್ಕು ಪ್ರಶ್ನೆಗಳೊಂದಿಗೆ ಅದು ಹಿಂದಕ್ಕೆ ಬಂದಿತು. ಉತ್ತರ ಕೊಡಲು ಈ ಸಲ ಕಷ್ಟವಾಗಲಿಲ್ಲ, ಏಕೆಂದರೆ ನಮ್ಮ ಕೈಗೂ ಗ್ರೀಸು ಹತ್ತಿತ್ತು. ಮಳೆಗಾಲಕ್ಕೆ ಮುಂಚೆಯೇ, ಮೊದಲನೆಯ ಹರಾಜಿನಲ್ಲಿಯೇ, ಮೀಸಲು ಬೆಲೆಗಿಂತ ತುಸು ಮೇಲಕ್ಕೆ ಯಂತ್ರ ಹೋಯಿತು.

ಒಂದು ಸ್ವಾರಸ್ಯವನ್ನು ಹೇಳಿ ಮುಗಿಸುತ್ತೇವೆ. ಬುಲ್ಡೋಜರುಗಳನ್ನು ಕಟ್ಟುವ ಬೆಮೆಲ್ ಹುಟ್ಟಿದುದು 1964ರಲ್ಲಿ. ಸರ್ಕಾರದ ಹಳೆಯ ಸರಕನ್ನು ಹರಾಜು ಹಾಕುವ ಎಂ.ಎಸ್.ಟಿ.ಸಿ. ಸಂಸ್ಥೆ ಹುಟ್ಟಿದುದೂ ಅದೇ ವರ್ಷ. ಈಗ ಅದರ ಹರಾಜು ಕಂಪ್ಯೂಟರಿನ ಪರದೆಯ ಮೇಲೆ ನಡೆಯುತ್ತದೆ. ಕೂಗುವವನ ಮುಖ ಕಾಣದು. ದನದ ಜಾತ್ರೆಯಲ್ಲಿ ದಲ್ಲಾಳಿಗಳು ಟವಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಮಾಡುತ್ತಿದ್ದುದೂ ಹೀಗೆಯೇ ಅಲ್ಲವೆ? ಟವಲಿನೊಳಗೆ ಕೈಯಿಡುವ ಮುನ್ನ ಅವರು ಎತ್ತಿನ ಹಲ್ಲು ನೋಡುತ್ತಿದ್ದರು. ಅಂಗಳದ ವರೆಗೆ ನಡೆದು ಹೋಗಲು ನಮಗೆ ಒಂದು ಯಂತ್ರವನ್ನು ಕಳೆದುಕೊಳ್ಳಬೇಕಾಯಿತು.