ಉಳಿಸಿದ ಸೌದೆಯೇ ಸಾಲದ ಕಂತು



ಪೈಕಾರಾ ಹೊಳೆಯ ನೀರು ಮಸಿನಗುಡಿಯ ಬಳಿಯ ಸಿಂಗಾರದಲ್ಲಿ ಇಳಿದು, ಚಕ್ರ ತಿರುಗಿಸಿ, ವಿದ್ಯುಚ್ಛಕ್ತಿ ಕೊಡಲಾರಂಭಿಸಿದ್ದು 1932ರಲ್ಲಿ. ಇಷ್ಟು ವರ್ಷಗಳಿಂದ ಕರೆಂಟು ಹುಟ್ಟುತ್ತಿರುವ ಜಿಲ್ಲೆ ನಮ್ಮದು. ಆದರೂ ನಮ್ಮ ಚಹಾ ಕಾರ್ಖಾನೆಗಳಿಗೆ ಬೇಕಾಗುವ ಶಕ್ತಿಯಲ್ಲಿ ದೊಡ್ಡ ಪಾಲು ಶಾಖ. ಆ ಶಾಖ ಹೆಚ್ಚಾಗಿ ಸೌದೆಯಿಂದಲೇ ಬರುತ್ತದೆ. ಯಂತ್ರ ತಿರುಗಿಸುವುದು ಕರೆಂಟಾದರೂ ಎಲೆಯನ್ನು ಒಣಗಿಸುವುದು ಬೆಂಕಿ. ಈ ಬೆಂಕಿಯ ಲೆಕ್ಕ ಎಲೆ ಕೊಡುವ ಒಕ್ಕಲಿಗನಿಗೂ ಸಂಬಂಧಪಟ್ಟದ್ದು. ಹೇಗೆಂಬುದನ್ನು ನೋಡೋಣ.

ನೀವು ಕಿತ್ತು ಕೊಡುವ ಹಸಿರೆಲೆಯ ತೂಕದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ ಇರುತ್ತದೆ. ಸುಮಾರು ನಾಲ್ಕೂವರೆ ಕಿಲೋ ಎಲೆಯಿಂದ ಒಂದು ಕಿಲೋ ಚಹಾ ಪುಡಿ ಆಗುತ್ತದೆ. ಎಂದರೆ ಒಂದು ಕಿಲೋ ಪುಡಿಗಾಗಿ ಮೂರೂವರೆ ಕಿಲೋ ನೀರನ್ನು ಹೊರಗೆ ಹಾಕಬೇಕು. ಅದರಲ್ಲಿ ಸ್ವಲ್ಪ ಭಾಗ ಬಾಡಿಸುವ ತೊಟ್ಟಿಯಲ್ಲಿ ಗಾಳಿಗೆ ಹೋಗುತ್ತದೆ. ಉಳಿದದ್ದನ್ನು ಒಣಗಿಸುವ ಯಂತ್ರದ ಬಿಸಿಗಾಳಿ ತೆಗೆಯುತ್ತದೆ.

ಸೌದೆ ಎಲ್ಲಿ ಪೋಲಾಗುತ್ತದೆ?

ಮೊದಲನೆಯದು ಹಸಿ ಸೌದೆ. ಆಗ ತಾನೇ ಕಡಿದ ಮರದ ತೂಕದಲ್ಲಿ ಹೆಚ್ಚು ಕಡಮೆ ಅರ್ಧ ನೀರು. ಕಿಲೋ ಲೆಕ್ಕದಲ್ಲಿ ಹಸಿ ಸೌದೆ ಕೊಂಡ ಕಾರ್ಖಾನೆ ನೀರಿಗೂ ಹಣ ಕೊಡುತ್ತದೆ. ಆ ನೀರನ್ನು ಆವಿ ಮಾಡಲು ಮತ್ತೆ ಸೌದೆಯನ್ನೇ ಸುಡುತ್ತದೆ. ನಮ್ಮ ಮಲೆಯ ಮಳೆ, ಮಂಜಿನಲ್ಲಿ ಬಯಲಲ್ಲಿ ಬಿದ್ದ ಸೌದೆ ಒಣಗುವುದೆಂತು? ಮಾಡು ಹಾಕಿದ, ಗಾಳಿಯಾಡುವ ಸೌದೆ ಕೊಟ್ಟಿಗೆಯೇ ಇದಕ್ಕೆ ಮೊದಲ ಮದ್ದು. ಸೌದೆಯನ್ನು ಸಣ್ಣ ಸಿಗುಳುಗಳಾಗಿ ಒಡೆದಿಟ್ಟರೆ ಬೇಗ ಒಣಗುತ್ತದೆ, ಚೆನ್ನಾಗಿಯೂ ಉರಿಯುತ್ತದೆ.

ಎರಡನೆಯದು ಹೊದಿಕೆಯಿಲ್ಲದ ಬಿಸಿಗಾಳಿಯ ಕೊಳವೆ. ಕೈ ಇಟ್ಟರೆ ಸುಡುವ ಕೊಳವೆ ಎಲೆಯನ್ನು ಒಣಗಿಸುವ ಬದಲು ಕಟ್ಟಡವನ್ನು ಕಾಯಿಸುತ್ತಿದೆ ಎಂದು ತಿಳಿಯಬೇಕು.

ಮೂರನೆಯದು ಬಾಡಿಸುವ ತೊಟ್ಟಿಯ ಫ್ಯಾನು. ಇದು ಕರೆಂಟಿನ ಮಾತು. ಎಲೆ ಬಾಡುತ್ತಾ ಬಂದಂತೆ ಅಷ್ಟು ಗಾಳಿ ಬೇಕಾಗುವುದಿಲ್ಲ. ಫ್ಯಾನಿನ ವೇಗವನ್ನು ನೂರಕ್ಕೆ 20ರಷ್ಟು ತಗ್ಗಿಸಿದರೆ ಅದು ಎಳೆಯುವ ಕರೆಂಟು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹಳೆಯ ಭಾರದ ರೆಕ್ಕೆಗಳಿಗೆ ಬದಲಾಗಿ ಹಗುರವಾದ ರೆಕ್ಕೆ ಹಾಕುವುದರಿಂದಲೂ ಉಳಿತಾಯವುಂಟು.

ಇವೆಲ್ಲ ಹೊಸ ಸಂಗತಿಗಳೇನೂ ಅಲ್ಲ. 2008ರ ನಂತರದ ಕೆಲವು ವರ್ಷ ಬೆಂಗಳೂರಿನ ಟೈಡ್ ಸಂಸ್ಥೆಯವರು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನೊಂದಿಗೆ ದಕ್ಷಿಣ ಭಾರತದ ಸಣ್ಣ ಚಹಾ ಕಾರ್ಖಾನೆಗಳಲ್ಲಿ ಇಂಥ ಸುಧಾರಣೆಗಳ ಪ್ರಚಾರ ಮಾಡಿದರು. ನೀಲಗಿರಿಯೂ ಅದರಲ್ಲಿ ಸೇರಿತ್ತು.

ಹಣ ಎಲ್ಲಿಂದ?

ದಾರಿ ತಿಳಿದಿದ್ದರೂ ಕೆಲಸ ನಿಲ್ಲುವುದು ಬಂಡವಾಳದಲ್ಲಿ. ಹೊಸ ಯಂತ್ರಕ್ಕೆ ಬ್ಯಾಂಕಿನವರು ಸಾಲ ಕೊಡುವುದುಂಟು, ಏಕೆಂದರೆ ಯಂತ್ರ ಕಣ್ಣಿಗೆ ಕಾಣುತ್ತದೆ. ಉಳಿಸಿದ ಸೌದೆ ಕಣ್ಣಿಗೆ ಕಾಣದು, ಅದನ್ನು ಅಡವಿಡಲಾಗದು. ಹಿಂದುಳಿದ ದೇಶಗಳೆಲ್ಲೆಲ್ಲ ಈ ಕಾರ್ಯಕ್ಕೆ ಇದೇ ತೊಡಕು. ಇದಕ್ಕೆ ಜಗತ್ತು ಕಂಡುಕೊಂಡ ಉಪಾಯವೆಂದರೆ ಉಳಿತಾಯವನ್ನು ಅಳೆದು, ಆ ಉಳಿತಾಯದಿಂದಲೇ ಸಾಲ ತೀರಿಸುವುದು.

ಇದರ ಒಂದು ರೂಪ ನಮ್ಮ ದೇಶದಲ್ಲೇ ನಡೆದಿದೆ. 2015ರಲ್ಲಿ ಆರಂಭವಾದ ಉಜಾಲಾ ಯೋಜನೆಯಲ್ಲಿ ಸರಕಾರಿ ಕಂಪೆನಿಯೊಂದು ಎಲ್‌ಇಡಿ ಬಲ್ಬುಗಳನ್ನು ರಾಶಿಯಾಗಿ ಕೊಂಡಿತು. 2014ರಲ್ಲಿ ಅದು ಕೊಂಡಾಗ 310 ರೂಪಾಯಿ ಇದ್ದ ಬಲ್ಬಿನ ಬೆಲೆ 2016ರ ಹೊತ್ತಿಗೆ 40 ರೂಪಾಯಿಗೂ ಕೆಳಗೆ ಬಂದಿತು. ಕೆಲವೆಡೆ ಬಳಕೆದಾರರು ಬಲ್ಬಿನ ಬೆಲೆಯನ್ನು ಕರೆಂಟು ಬಿಲ್ಲಿನ ಜೊತೆಗೆ ಕಂತಿನಲ್ಲಿ ಕೊಟ್ಟರು. ಬಿಲ್ಲಿನಲ್ಲಿ ಉಳಿದ ಹಣವೇ ಕಂತಾಯಿತು.

ಇದೇ ಲೆಕ್ಕವನ್ನು ಚಹಾ ಕಾರ್ಖಾನೆಗೆ ಹಾಕಿ ನೋಡೋಣ. ಕೆಳಗಿನ ಅಂಕಿಗಳು ಉದಾಹರಣೆಗಾಗಿ ಮಾತ್ರ. ನಿಮ್ಮ ಕಾರ್ಖಾನೆಯ ಅಂಕಿಗಳನ್ನು ಆ ಜಾಗದಲ್ಲಿ ಇಟ್ಟುಕೊಳ್ಳಿ.

ವರ್ಷಕ್ಕೆ 5 ಲಕ್ಷ ಕಿಲೋ ಪುಡಿ ಮಾಡುವ ಕಾರ್ಖಾನೆ ಕಿಲೋ ಪುಡಿಗೆ 2 ಕಿಲೋ ಸೌದೆ ಸುಡುತ್ತದೆ ಎನ್ನಿ. ಕೊಟ್ಟಿಗೆ, ಹೊದಿಕೆ ಮೊದಲಾದವುಗಳಿಂದ ಅದು 1.7 ಕಿಲೋಗೆ ಇಳಿದರೆ ವರ್ಷಕ್ಕೆ 150 ಟನ್ ಸೌದೆ ಉಳಿಯಿತು. ಕಿಲೋಗೆ 4 ರೂಪಾಯಿಯಂತೆ ಇದು 6 ಲಕ್ಷ ರೂಪಾಯಿ. ಖರ್ಚು 12 ಲಕ್ಷವಾಗಿ, ಸಾಲದ ಬಡ್ಡಿ ನೂರಕ್ಕೆ 10 ಇದ್ದರೂ ಎರಡೂವರೆ ವರ್ಷದೊಳಗೆ ಸಾಲ ತೀರುತ್ತದೆ. ಸದಸ್ಯರ ಕೈಯಿಂದ ಒಂದು ಕಾಸೂ ಹೋಗುವುದಿಲ್ಲ.

ಸಾಲ ತೀರಿದ ಮೇಲೆ? ಆ 6 ಲಕ್ಷವನ್ನು 22.5 ಲಕ್ಷ ಕಿಲೋ ಎಲೆಗೆ ಹಂಚಿದರೆ ಕಿಲೋ ಎಲೆಗೆ 26 ಪೈಸೆಗೆ ಕಡಮೆಯಿಲ್ಲ. ವರ್ಷಕ್ಕೆ 4,000 ಕಿಲೋ ಎಲೆ ಕೊಡುವ ಕುಟುಂಬಕ್ಕೆ ಸಾವಿರ ರೂಪಾಯಿಯ ಮೇಲೆ. ಇದು ದೊಡ್ಡ ಮೊತ್ತವಲ್ಲ. ಬಿದ್ದುಹೋದ ಎಲೆ ಬೆಲೆಯನ್ನು ಇದೊಂದೇ ಎತ್ತಲಾರದು. ಆದರೆ ಒಂದು ಎಲೆಯನ್ನೂ ಹೆಚ್ಚು ಕೀಳದೆ ವರ್ಷವರ್ಷವೂ ಬರುವ ಹಣ.

ಕೇಳಿದವರಿಗೆ ಪಾಲು

ಆದರೆ ಈ ಹಣ ತಾನಾಗಿ ಒಕ್ಕಲಿಗನ ಮನೆಗೆ ನಡೆದು ಬರುವುದಿಲ್ಲ. ಖಾಸಗಿ ಕಾರ್ಖಾನೆಯಲ್ಲಿ ಉಳಿತಾಯ ಮೊದಲು ಮಾಲೀಕರಿಗೆ ಸೇರುತ್ತದೆ. ಸಹಕಾರಿ ಕಾರ್ಖಾನೆಯ ಮಾತು ಬೇರೆ. ಕುಂದಾ, ಮಂಜೂರು, ಗೂಡಲೂರು ಕಡೆಗಳಲ್ಲಿ ಒಕ್ಕಲಿಗರೇ ಸದಸ್ಯರಾದ ಕಾರ್ಖಾನೆಗಳಿವೆ; ಅವುಗಳ ಒಕ್ಕೂಟವಾದ ಇಂಡ್ಕೋಸರ್ವ್ 1965ರಲ್ಲೇ ಹುಟ್ಟಿತು. ಅಲ್ಲಿ ಲೆಕ್ಕ ಕೇಳುವ ಹಕ್ಕು ನಿಮ್ಮದು.

ಮುಂದಿನ ವಾರ್ಷಿಕ ಸಭೆಗೆ ಹೋಗುವಾಗ ಮೂರು ಪ್ರಶ್ನೆಗಳನ್ನು ಬರೆದುಕೊಂಡು ಹೋಗಿರಿ. ಕಳೆದ ವರ್ಷ ಒಂದು ಕಿಲೋ ಪುಡಿಗೆ ಎಷ್ಟು ಕಿಲೋ ಸೌದೆ, ಎಷ್ಟು ಯೂನಿಟ್ ಕರೆಂಟು ಹಿಡಿಯಿತು? ಸೌದೆಯನ್ನು ಒಣಗಿಸಿ ಸುಡುತ್ತಾರೆಯೇ, ಹಸಿಯಾಗಿಯೇ ಸುಡುತ್ತಾರೆಯೇ? ಸುಧಾರಣೆಗೆ ಸಾಲ ತಂದರೆ, ಅದು ತೀರಿದ ಮೇಲೆ ಉಳಿತಾಯದಲ್ಲಿ ಎಷ್ಟು ಪಾಲು ಎಲೆ ಬೆಲೆಗೆ ಸೇರುತ್ತದೆ?

ಮೂರನೆಯ ಪ್ರಶ್ನೆಗೆ ಉತ್ತರವನ್ನು ಸಾಲ ತರುವ ಮೊದಲೇ ನಿರ್ಣಯವಾಗಿ ಬರೆಸಿಕೊಳ್ಳಿರಿ. ಸೌದೆಯನ್ನು ತೂಗಿ ಪುಸ್ತಕದಲ್ಲಿ ಬರೆಯದ ಕಾರ್ಖಾನೆಯಲ್ಲಿ ಉಳಿತಾಯವನ್ನು ಯಾರೂ ತೋರಿಸಲಾರರು. ತೋರಿಸಲಾಗದ ಉಳಿತಾಯಕ್ಕೆ ಬ್ಯಾಂಕೂ ಸಾಲ ಕೊಡದು. ಆದುದರಿಂದ ಒಂದು ತಕ್ಕಡಿ, ಒಂದು ಪುಸ್ತಕ, ಇವುಗಳಿಂದಲೇ ಕೆಲಸ ಮೊದಲಾಗಲಿ.