ಪಂಪಿನ ಎಂಜಿನ್ನಿಗೆ ರಿಂಗು ಕೊಳ್ಳುವ ಮುನ್ನ



ಬಾವಿಯಲ್ಲಿ ನೀರಿದೆ, ಪೈರು ಬಾಡುತ್ತಿದೆ, ಡೀಸೆಲ್ ಎಂಜಿನ್ ಮಾತ್ರ ಏಳುತ್ತಿಲ್ಲ. ಹ್ಯಾಂಡಲ್ ಹಾಕಿದರೆ ಒತ್ತಡವೇ ಇಲ್ಲದೆ ಹಗುರಾಗಿ ತಿರುಗುತ್ತದೆ. ಎದ್ದರೂ ನೀಲಿ ಹೊಗೆ. ಆಯಿಲು ಹಾಕಿದಷ್ಟೂ ಕುಡಿಯುತ್ತದೆ. “ರಿಂಗು ಹೋಗಿದೆ, ಹೊಸ ಸೆಟ್ಟು ತನ್ನಿ” ಅಂತಾರೆ ಮೇಸ್ತ್ರಿ. ತಂದು ಹಾಕಿಸುತ್ತೀರಿ. ಸ್ವಲ್ಪ ದಿನಕ್ಕೆ ಮತ್ತೆ ಅದೇ ಹೊಗೆ! ಯಾಕೆ ಹೀಗೆ? ಸಿಲಿಂಡರನ್ನು ಯಾರೂ ಅಳೆದು ನೋಡಲಿಲ್ಲ, ಅದಕ್ಕೇ. (ವಾಲ್ವು ಸೋರಿದರೂ ಒತ್ತಡ ಇಳಿಯುತ್ತದೆ, ಅದನ್ನೂ ನೋಡಿಸಿ.)

ಸಿಲಿಂಡರು ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಮೇಲಿನ ರಿಂಗು ಹೋಗಿ ನಿಂತು ಹಿಂತಿರುಗುವ ಜಾಗದಲ್ಲಿ ಬಿಸಿ ಹೆಚ್ಚು, ಎಣ್ಣೆ ಕಡಿಮೆ. ಸವೆತ ಅಲ್ಲೇ ಜಾಸ್ತಿ. ತಳದಲ್ಲಿ ರಿಂಗು ಮುಟ್ಟದ ಕಡೆ ಹೊಸದರಂತೆಯೇ ಇರುತ್ತದೆ. ಇದನ್ನು ಅಳೆಯಲು ಹಳೆಯ ರಿಂಗೊಂದು, ಫೀಲರ್ ಗೇಜು ಎಂಬ ತೆಳು ಅಲಗುಗಳ ಕಟ್ಟೊಂದು ಸಾಕು. ಪಿಸ್ಟನ್ನು ಹೊರತೆಗೆದ ಮೇಲೆ ಸಿಲಿಂಡರನ್ನು ಚೆನ್ನಾಗಿ ಒರೆಸಿ, ರಿಂಗನ್ನು ಒಳಗಿಟ್ಟು ಪಿಸ್ಟನ್ನಿನ ತಲೆಯಿಂದ ನೂಕಿ. ಆಗ ಅದು ಓರೆಯಾಗದೆ ಕೂರುತ್ತದೆ. ರಿಂಗಿನ ಎರಡು ತುದಿಗಳ ನಡುವಿನ ಸಂದನ್ನು ತಳದಲ್ಲೊಮ್ಮೆ, ಮೇಲೆ ಸವೆದ ಕಡೆ ಒಮ್ಮೆ ಅಳೆಯಿರಿ. ಒಂದು ಅಲಗು ಸಾಲದಿದ್ದರೆ ಎರಡು ಸೇರಿಸಿ. ತಳದಲ್ಲಿ 0.6 ಮಿ.ಮೀ., ಮೇಲೆ 1.2 ಮಿ.ಮೀ. ಬಂತೆನ್ನಿ. ವ್ಯತ್ಯಾಸ 0.6. ಅದನ್ನು 3.14ರಿಂದ ಭಾಗಿಸಿದರೆ ಸುಮಾರು 0.19. ಸಿಲಿಂಡರಿನ ಅಡ್ಡಳತೆ ಅಷ್ಟು ಹೆಚ್ಚಾಗಿದೆ ಎಂದರ್ಥ. ಶಾಲೆಗೆ ಹೋಗುವ ಮಗಳನ್ನು ಕೇಳಿ, ಲೆಕ್ಕ ಮಾಡಿಕೊಡುತ್ತಾಳೆ! ಎಂಜಿನ್ನಿನ ಕೈಪಿಡಿಯಲ್ಲಿ ಸವೆತದ ಮಿತಿ ಕೊಟ್ಟಿರುತ್ತಾರೆ. ಅದು ದಾಟಿದ್ದರೆ ಬರೀ ರಿಂಗಿಗೆ ಸುರಿದ ಹಣ ನೀರಿಗೆ ಹಾಕಿದಂತೆ. ಲೈನರು ಬದಲಿಸಬೇಕು, ಇಲ್ಲವೆ ಬೋರು ಕೊರೆಸಬೇಕು.

“ಒಂದು ಸೈಜು ದೊಡ್ಡ ರಿಂಗು ತಂದು ತುದಿ ಅರದಿಂದ ಉಜ್ಜಿದರಾಯ್ತು” ಎನ್ನುವವರಿದ್ದಾರೆ. ಒಪ್ಪಬೇಡಿ. 0.25, 0.50 ಎಂದು ಬರೆದ ದೊಡ್ಡ ರಿಂಗು, ಬೋರನ್ನು ಅಷ್ಟೇ ಕೊರೆಸಿ ಅದೇ ಸೈಜಿನ ಪಿಸ್ಟನ್ ಹಾಕಿದಾಗ ಮಾತ್ರ ಸರಿ. ಇಲ್ಲದಿದ್ದರೆ ಅದು ಸುತ್ತಲೂ ಗೋಡೆಗೆ ತಗಲದೆ ಅಲ್ಲಲ್ಲಿ ಸಂದು ಬಿಡುತ್ತದೆ.

ಹೊಸ ರಿಂಗಿನ ತುದಿಗಳ ನಡುವೆಯೂ ಸ್ವಲ್ಪ ಸಂದು ಬೇಕೇ ಬೇಕು. ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಕಾಯಿಸಿ ಹಾಕುವುದನ್ನು ಕಂಡಿದ್ದೀರಲ್ಲ, ಕಾದ ಲೋಹ ಹಿಗ್ಗುತ್ತದೆ. ಸಂದಿಲ್ಲದ ರಿಂಗು ಹಿಗ್ಗಿ, ತುದಿಗೆ ತುದಿ ಒತ್ತಿ, ಸಿಲಿಂಡರನ್ನು ಗೀರುತ್ತದೆ, ಮುರಿದರೂ ಮುರಿಯಿತು. 80 ಮಿ.ಮೀ. ಬೋರಿಗೆ 0.3ರಿಂದ 0.4 ಮಿ.ಮೀ. ಸಾಮಾನ್ಯ, ಕೈಪಿಡಿ ಬೇರೆ ಹೇಳಿದರೆ ಅದನ್ನೇ ನಂಬಿ.

ಮೇಲಿನ ರಿಂಗು ಕ್ರೋಮ್ ಲೇಪದ್ದಾದರೆ ಧೂಳಿನಲ್ಲಿ ಹೆಚ್ಚು ಬಾಳುತ್ತದೆ. ಆದರೆ ಲೈನರಿಗೇ ಕ್ರೋಮ್ ಇದ್ದರೆ ಕ್ರೋಮ್ ರಿಂಗು ಕೂಡದು.

ಸಿಲಿಂಡರಿನ ಮೇಲ್ತುದಿಯಲ್ಲಿ ಉಗುರಿಗೆ ತಗಲುವ ಏಣು ಇದ್ದರೆ ಮೊದಲು ತೆಗೆಸಿ. ಹೊಸ ರಿಂಗು ಅದಕ್ಕೆ ಬಡಿದು ಮುರಿಯುತ್ತದೆ. ಗುರುತಿರುವ ಮಗ್ಗುಲು ಮೇಲಕ್ಕಿರಲಿ, ರಿಂಗುಗಳ ಸಂದುಗಳು ಒಂದೇ ಸಾಲಿಗೆ ಬರದಿರಲಿ. ಏರ್ ಕ್ಲೀನರಿನ ಬಟ್ಟಲನ್ನು ಅಂದೇ ತೊಳೆದು ಹೊಸ ಎಣ್ಣೆ ತುಂಬಿ. ಮೊದಮೊದಲು ಪೂರ್ತಿ ಹೊರೆ ಹಾಕದೆ ಓಡಿಸಿ, ಕೈಪಿಡಿ ಹೇಳಿದಷ್ಟು ಗಂಟೆ ಕಳೆದ ಕೂಡಲೇ ಆಯಿಲು ಬದಲಿಸಿ.