ಬೀಳಲು ಬಿಟ್ಟ ಕಂಬಗಳು

ಪ್ರಾಚೀನ ಸ್ಮಾರಕಗಳ ಸಂರಕ್ಷಣೆ ಎಂದೊಡನೆ ನಮ್ಮ ಮನಸ್ಸಿನಲ್ಲಿ ಏಳುವ ಚಿತ್ರ ಬಹುಮಟ್ಟಿಗೆ ಒಂದೇ: ವಾಲಿದ್ದನ್ನು ಎತ್ತಿ ನಿಲ್ಲಿಸುವುದು, ಬಿರುಕು ಬಿಟ್ಟದ್ದನ್ನು ಬೆಸೆಯುವುದು, ಸುತ್ತಲೂ ಬೇಲಿ ಹಾಕಿ ಕಾವಲುಗಾರನೊಬ್ಬನನ್ನು ಕೂರಿಸುವುದು. ಜೀರ್ಣವಾದದ್ದನ್ನು ಉದ್ಧರಿಸಬೇಕೆಂಬ ವಿಷಯದಲ್ಲಿ ನಮಗೆ ಸಂದೇಹವೇ ಇಲ್ಲ. ಆದರೆ ಸಮಸ್ತ ಮಾನವಕುಲದ ಆಸ್ತಿಯೆಂದು ಘೋಷಿತವಾದ ಶಿಲ್ಪಗಳನ್ನು, ಅವುಗಳ ವಾರಸುದಾರರೇ ಮಳೆಗೂ ಗಾಳಿಗೂ ಒಪ್ಪಿಸಿ, ಕಾಲ ಬಂದಾಗ ಮಣ್ಣಿಗೆ ಮರಳಲೆಂದು ಬಿಟ್ಟಿರುವ ದ್ವೀಪವೊಂದಿದೆ. ಅಲ್ಲಿ ಕಾವಲುಗಾರರಿದ್ದಾರೆ, ಕಾನೂನಿದೆ, ಸರ್ಕಾರದ ಹಣವೂ ಇದೆ. ಹಾಗಿದ್ದೂ ಕಂಬಗಳು ಬೀಳುತ್ತವೆ. ಇದು ಅಲಕ್ಷ್ಯವೇ, ಇಲ್ಲವೇ ನಮಗೆ ಪರಿಚಯವಿಲ್ಲದ ಮತ್ತೊಂದು ಬಗೆಯ ರಕ್ಷಣೆಯೇ? ಈ ಪ್ರಶ್ನೆಯನ್ನು ಕೇಳುಗರ ಮುಂದಿಡುವುದು ಇಂದಿನ ನನ್ನ ಭಾಷಣದ ಉದ್ದೇಶ.

ಕೆನಡಾದ ಬ್ರಿಟಿಷ್ ಕೊಲಂಬಿಯ ಪ್ರಾಂತದ ಉತ್ತರ ಕರಾವಳಿಯಿಂದ ಪಶ್ಚಿಮಕ್ಕೆ ಹೆಕೆಟ್ ಜಲಸಂಧಿಯನ್ನು ದಾಟಿದರೆ ಹೈಡಾ ಗ್ವಾಯ್ ಎಂಬ ದ್ವೀಪಸ್ತೋಮ ಸಿಗುತ್ತದೆ. ಹಿರಿದು ಕಿರಿದು ಸೇರಿ 150ಕ್ಕೂ ಹೆಚ್ಚು ದ್ವೀಪಗಳು. 1787ರಲ್ಲಿ ಅಲ್ಲಿಗೆ ಬಂದ ಜಾರ್ಜ್ ಡಿಕ್ಸನ್ ಎಂಬ ಇಂಗ್ಲಿಷ್ ನಾವಿಕ ತನ್ನ ಹಡಗಿನ ಹೆಸರನ್ನೇ ಅವಕ್ಕೆ ಇಟ್ಟು ಕ್ವೀನ್ ಷಾರ್ಲಟ್ ದ್ವೀಪಗಳೆಂದು ಕರೆದ. 2010ರಲ್ಲಷ್ಟೇ ಸರ್ಕಾರಿ ನಕಾಶೆಗಳು ಆ ಹೆಸರನ್ನು ಬಿಟ್ಟು ಮೂಲನಿವಾಸಿಗಳ ಹೆಸರಿಗೆ ಮರಳಿದವು. ಅಲ್ಲಿ ಮನುಷ್ಯರು ನೆಲೆಸಿ 12,000 ವರ್ಷಗಳಿಗೂ ಮೀರಿದೆ. ಅವರ ವಂಶದವರೇ ಹೈಡಾ ಜನ. ಈ ದ್ವೀಪಸ್ತೋಮದ ದಕ್ಷಿಣ ಭಾಗಕ್ಕೆ ಗ್ವಾಯ್ ಹಾನಾಸ್ ಎಂದು ಹೆಸರು. ಚೆಲುವಿನ ದ್ವೀಪಗಳು ಎಂದು ಅದರ ಅರ್ಥ.

ಹೈಡಾ ಸಮಾಜದಲ್ಲಿ ಎರಡು ಮಹಾಕುಲಗಳು: ರೇವನ್ ಎಂಬ ದೊಡ್ಡ ಕಾಗೆಯದು ಒಂದು, ಹದ್ದಿನದು ಇನ್ನೊಂದು. ನಮ್ಮ ಕರಾವಳಿಯ ಅಳಿಯಸಂತಾನದಲ್ಲಿರುವಂತೆ ಕುಲ ಬರುವುದು ತಾಯಿಯ ಕಡೆಯಿಂದ. ಮದುವೆ ಎದುರು ಕುಲದವರೊಡನೆ. ಅಲ್ಲಿಯ ಕಾಡುಗಳಲ್ಲಿ ಕೆಂಪು ಸೀಡರ್ ಎಂಬ ಮಹಾವೃಕ್ಷ ಬೆಳೆಯುತ್ತದೆ. ಮನೆಯ ತೊಲೆ, ದೋಣಿ, ಪೆಟ್ಟಿಗೆ, ಬುಟ್ಟಿ ಎಲ್ಲಕ್ಕೂ ಆ ಮರವೇ ಆಧಾರ. ಅದೇ ಮರದ ಇಡಿಯ ಕಾಂಡದ ಮೇಲೆ ಕರಡಿ, ಬೀವರ್, ಕಪ್ಪೆ, ತಿಮಿಂಗಿಲಗಳನ್ನು ಒಂದರ ಮೇಲೊಂದರಂತೆ ಕೆತ್ತಿ ಮನೆಯ ಮುಂದೆ ನಿಲ್ಲಿಸುತ್ತಿದ್ದರು. ಕೆಲವು ಕಂಬಗಳು ಮನೆತನದ ಬಿರುದಾವಳಿ. ಕೆಲವು ಸತ್ತವರ ನೆನಪು. ಮತ್ತೆ ಕೆಲವುಗಳ ನೆತ್ತಿಯಲ್ಲಿ ಪೆಟ್ಟಿಗೆಯೊಳಗೆ ಹಿರಿಯರ ಅಸ್ಥಿಯೇ ಇರುತ್ತಿತ್ತು. ಕಂಬ ಎತ್ತುವ ದಿನ ಪಾಟ್‌ಲ್ಯಾಚ್ ಎಂಬ ಮಹಾ ಔತಣ. ನೆರೆದವರು ಉಡುಗೊರೆ ಪಡೆದು ಆ ಮನೆತನದ ಹಕ್ಕಿಗೆ ಸಾಕ್ಷಿಗಳಾಗುತ್ತಿದ್ದರು. ಆದ್ದರಿಂದ ಆ ಕಂಬಗಳನ್ನು ಕೇವಲ ಶಿಲ್ಪವೆಂದು ತಿಳಿದರೆ ಅರ್ಧ ತಿಳಿದಂತೆ. ಅವು ದಸ್ತಾವೇಜುಗಳೂ ಹೌದು, ಸಮಾಧಿಗಳೂ ಹೌದು.

1862ರಲ್ಲಿ ವಿಕ್ಟೋರಿಯ ಪಟ್ಟಣಕ್ಕೆ ಸಿಡುಬು ಬಂತು. ವ್ಯಾಪಾರಕ್ಕೆಂದು ಹೋಗಿ ಅಲ್ಲಿ ಬೀಡುಬಿಟ್ಟಿದ್ದ ಉತ್ತರದ ಜನರನ್ನು ಅಧಿಕಾರಿಗಳು ಹೊರದಬ್ಬಿದರು. ಅವರ ದೋಣಿಗಳೊಡನೆ ರೋಗವೂ ಊರೂರಿಗೆ ಪಯಣಿಸಿತು. ಸಾವಿರಗಳ ಲೆಕ್ಕದಲ್ಲಿದ್ದ ಹೈಡಾ ಜನಸಂಖ್ಯೆ ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಸುಮಾರು 600ಕ್ಕೆ ಇಳಿಯಿತು. ಉಳಿದವರು ತಮ್ಮ ತಮ್ಮ ಊರುಗಳನ್ನು ತೊರೆದು ಸ್ಕಿಡಗೇಟ್ ಮತ್ತು ಮ್ಯಾಸೆಟ್ ಎಂಬ ಎರಡು ಊರುಗಳಲ್ಲಿ ಒಟ್ಟುಗೂಡಿದರು. ಸಾಲದೆಂಬಂತೆ, 1884ರಲ್ಲಿ ಮಾಡಿದ ತಿದ್ದುಪಡಿಯೊಂದರಿಂದ ಕೆನಡಾ ಸರ್ಕಾರ ಪಾಟ್‌ಲ್ಯಾಚನ್ನೇ ಅಪರಾಧವೆಂದು ಸಾರಿತು. ಆ ನಿಷೇಧ ಕಾನೂನಿನ ಪುಸ್ತಕದಿಂದ ಹೊರಬಿದ್ದದ್ದು 1951ರಲ್ಲಿ. ಕಂಬ ಎತ್ತುವವರೂ ಇಲ್ಲದೆ, ಎತ್ತುವ ವಿಧಿಗೆ ಅವಕಾಶವೂ ಇಲ್ಲದೆ, ಪಾಳುಬಿದ್ದ ಊರುಗಳಲ್ಲಿ ಹಳೆಯ ಕಂಬಗಳು ಒಂಟಿಯಾಗಿ ನಿಂತವು.

ಈ ಊರುಗಳಲ್ಲಿ ದಕ್ಷಿಣದ ತುದಿಯ ಸ್ಗಾಂಗ್ ಗ್ವಾಯ್ ಹೆಸರಾದದ್ದು. 1957ರಲ್ಲಿ ವಸ್ತುಸಂಗ್ರಹಾಲಯಗಳ ತಂಡವೊಂದು ಅಲ್ಲಿಗೆ ಬಂದು ಹಲವು ಕಂಬಗಳನ್ನು ಇಳಿಸಿ ವಿಕ್ಟೋರಿಯ, ವ್ಯಾಂಕೂವರ್‌ಗಳಿಗೆ ಸಾಗಿಸಿತು. ಆ ತಂಡದಲ್ಲಿ ಬಿಲ್ ರೀಡ್ ಇದ್ದರು. ಅವರ ತಾಯಿ ಹೈಡಾ ಕುಲದವರು. ಹಳೆಯ ಕೃತಿಗಳನ್ನು ನೋಡಿ ನೋಡಿಯೇ ವಿದ್ಯೆ ಕಲಿತು, ಹೈಡಾ ಕಲೆಗೆ ಮರುಜೀವ ಕೊಟ್ಟವರಲ್ಲಿ ಅವರು ಪ್ರಮುಖರು. ಆದುದರಿಂದ ವಸ್ತುಸಂಗ್ರಹಾಲಯವನ್ನು ಸುಮ್ಮನೆ ಹಳಿಯಲು ನಾನು ಸಿದ್ಧನಿಲ್ಲ. 1981ರಲ್ಲಿ ಯುನೆಸ್ಕೊ ಸಂಸ್ಥೆ ಸ್ಗಾಂಗ್ ಗ್ವಾಯನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಅಲ್ಲೇ ಉಳಿದ ಕಂಬಗಳ ಸುತ್ತ ಗಿಡಗಂಟಿಗಳನ್ನು ಸವರಿ, ತೀರ ವಾಲಿದ ಕೆಲವನ್ನು ನೆಟ್ಟಗೆ ಮಾಡಿ, ಅವುಗಳ ಆಯುಷ್ಯವನ್ನು ಕೊಂಚ ಹೆಚ್ಚಿಸಿದ್ದೂ ಉಂಟು. ಆದರೆ ಕಟ್ಟಕಡೆಗೆ ಅವು ಮಣ್ಣು ಸೇರಬೇಕು, ಅದೇ ಅವುಗಳ ಸಹಜ ಗತಿ ಎಂಬುದು ಹೈಡಾ ಹಿರಿಯರ ನಿಲುವು. ಸತ್ತವರ ಸಮಾಧಿಗೆ ಎಷ್ಟು ಕಾಲ ಬಾಳಿಕೆ ಇರಬೇಕೆಂದು ಹೇಳುವ ಅಧಿಕಾರ ಅವರ ಮಕ್ಕಳಿಗಲ್ಲದೆ ಮತ್ತಾರಿಗಿದೆ?

ಆ ಅಧಿಕಾರವನ್ನು ಯಾರೂ ಅವರಿಗೆ ತಾನಾಗಿ ತಂದುಕೊಡಲಿಲ್ಲ. 1970ರ ದಶಕದಲ್ಲಿ ಮರ ಕಡಿಯುವ ಕಂಪೆನಿಗಳ ಕಣ್ಣು ದಕ್ಷಿಣದ ದ್ವೀಪಗಳ ಮೇಲೆ ಬಿತ್ತು. 1985ರಲ್ಲಿ ಹೈಡಾ ಜನ ತಾವಾಗಿಯೇ ಗ್ವಾಯ್ ಹಾನಾಸನ್ನು ತಮ್ಮ ಪರಂಪರೆಯ ತಾಣವೆಂದು ಸಾರಿ, ಅದೇ ವರ್ಷ ಲಯಲ್ ದ್ವೀಪದಲ್ಲಿ ಮರದ ಲಾರಿಗಳ ದಾರಿಗೆ ಅಡ್ಡವಾಗಿ ನಿಂತರು. ವಿಧ್ಯುಕ್ತ ಉಡುಪು ಧರಿಸಿದ ವೃದ್ಧರು ಮೊದಲುಗೊಂಡು 72 ಮಂದಿ ಬಂಧನಕ್ಕೊಳಗಾದರು. ಸುದ್ದಿ ದೇಶವನ್ನೆಲ್ಲ ಕಲಕಿತು. ಮೂರು ವರ್ಷಗಳಲ್ಲಿ ಕೊಡಲಿಯ ಸದ್ದು ನಿಂತು ರಾಷ್ಟ್ರೀಯ ಉದ್ಯಾನದ ಮಾತು ಬಂತು. ಆದರೆ ಉದ್ಯಾನವಾದರೂ ಯಾರದು?

1993ರ ಗ್ವಾಯ್ ಹಾನಾಸ್ ಒಪ್ಪಂದ ಈ ಪ್ರಶ್ನೆಯನ್ನು ಎದುರಿಸಿದ ರೀತಿ ವಿಲಕ್ಷಣವಾದದ್ದು. ಒಡೆತನದ ವಿಷಯ ಬಂದಲ್ಲಿ ಅದರ ಬರಹ ಅಕ್ಕಪಕ್ಕದ ಎರಡು ಅಂಕಣಗಳಾಗಿ ಒಡೆಯುತ್ತದೆ. ಒಂದರಲ್ಲಿ ಈ ನೆಲ, ಈ ನೀರು ತಮ್ಮದೆಂದು ಹೈಡಾ ಜನ ಹೇಳುತ್ತಾರೆ. ಇನ್ನೊಂದರಲ್ಲಿ ಇದು ರಾಜಸತ್ತೆಯದೆಂದು ಕೆನಡಾ ಹೇಳುತ್ತದೆ. ಇಬ್ಬರೂ ತಮ್ಮ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ಆದರೆ ಈ ಸ್ಥಳ ಕೆಡಬಾರದು ಎಂಬಷ್ಟಕ್ಕೆ ಇಬ್ಬರೂ ಒಪ್ಪಿ ಸಹಿ ಹಾಕಿದರು. ಎರಡೂ ಪಕ್ಷಗಳಿಂದ ಸಮಸಂಖ್ಯೆಯ ಸದಸ್ಯರಿರುವ ಮಂಡಳಿಯೊಂದು ಅಲ್ಲಿನ ಆಡಳಿತವನ್ನು ನಡೆಸುತ್ತದೆ. ಅಲ್ಲಿ ಬಹುಮತದ ಲೆಕ್ಕವಿಲ್ಲ. ಒಮ್ಮತ ಮೂಡುವ ತನಕ ಮಾತು ಮುಂದುವರಿಯಬೇಕು. ಜಗಳ ತೀರಿದ ಮೇಲೆಯೇ ಕೆಲಸವೆಂದು ಕುಳಿತಿದ್ದರೆ ಒಂದು ತಲೆಮಾರಿನ ಕಾಲ ಕಾಡಿಗೆ ದಿಕ್ಕಿರುತ್ತಿರಲಿಲ್ಲ.

ಪ್ರಾಚೀನ ಊರುಗಳಲ್ಲಿ ಬೇಸಗೆಯುದ್ದಕ್ಕೂ ಹೈಡಾ ಕಾವಲುಗಾರರು ನೆಲೆಸುತ್ತಾರೆ. ಈ ವ್ಯವಸ್ಥೆಯನ್ನು ಹೈಡಾ ಜನರೇ 1981ರಲ್ಲಿ ಆರಂಭಿಸಿದ್ದರು. ಹಳೆಯ ಕಂಬಗಳ ತುದಿಯಲ್ಲಿ ಎತ್ತರದ ಟೋಪಿ ಧರಿಸಿದ ಮೂವರು ಕಾವಲುಗಾರರ ಆಕೃತಿ ಇರುತ್ತದೆ. ದಿಕ್ಕುದಿಕ್ಕಿಗೆ ಕಣ್ಣಿಟ್ಟು ಬರುವ ಅಪಾಯವನ್ನು ಮುಂಚಿತವಾಗಿ ತಿಳಿಸುವುದು ಅವರ ಕೆಲಸ. ಇಂದಿನವರು ಆ ಹೆಸರನ್ನೇ ಹೊತ್ತಿದ್ದಾರೆ. ಪ್ರವಾಸಿಗರು ಮೊದಲು ತಿಳಿವಳಿಕೆ ಪಡೆಯಬೇಕು, ದಡ ಸೇರುವ ಮುನ್ನ ಅನುಮತಿ ಕೇಳಬೇಕು. ಒಂದು ಊರಿನಲ್ಲಿ ಒಂದು ವೇಳೆಗೆ 12 ಜನರಿಗಿಂತ ಹೆಚ್ಚಿಗೆ ಪ್ರವೇಶವಿಲ್ಲ. ಬಿಳಿಯ ಚಿಪ್ಪುಗಳನ್ನು ಸಾಲಾಗಿ ಇಟ್ಟು ಗುರುತಿಸಿದ ಹಾದಿಯನ್ನು ಬಿಟ್ಟು ಅತ್ತಿತ್ತ ಅಡಿಯಿಡುವಂತಿಲ್ಲ. ಆ ಹಾದಿಯಲ್ಲಿ ಕಾವಲುಗಾರರು ಹೇಳುವುದು ತಮ್ಮ ಮನೆತನದ ಕಥೆಯನ್ನು. ಬಾಡಿಗೆಯ ಮಾರ್ಗದರ್ಶಿಯ ಕಂಠಪಾಠಕ್ಕೂ ಅದಕ್ಕೂ ಇರುವ ಅಂತರವನ್ನು ನಾನು ವಿವರಿಸಬೇಕಾಗಿಲ್ಲ.

ದ್ವೀಪವಾಸಿಗಳ ಪರಂಪರೆ ದಡದಲ್ಲಿಯೇ ಮುಗಿಯುವುದಿಲ್ಲ. 1998ರಲ್ಲಿ ಪುರಾತತ್ವಜ್ಞರು ಗ್ವಾಯ್ ಹಾನಾಸಿನ ಕಡಲ ತಳದಿಂದ, 53 ಮೀಟರ್ ಆಳದಲ್ಲಿ, ಕಲ್ಲಿನ ಆಯುಧವೊಂದನ್ನು ಮೇಲೆತ್ತಿದರು. ಸುಮಾರು 10,000 ವರ್ಷಗಳ ಹಿಂದೆ, ನೀರು ಏರುವ ಮೊದಲು, ಆ ತಳ ಜನ ಓಡಾಡಿದ ನೆಲವಾಗಿತ್ತು. 2010ರಲ್ಲಿ ಸುಮಾರು 3,400 ಚದರ ಕಿಲೋಮೀಟರ್ ಸಮುದ್ರವೂ ರಕ್ಷಿತ ಪ್ರದೇಶಕ್ಕೆ ಸೇರಿ, ಬೆಟ್ಟದ ತುದಿಯಿಂದ ಕಡಲ ತಳದವರೆಗೆ ಒಂದೇ ಆಡಳಿತವಾಯಿತು. ಹಿಂದೆ ತುಪ್ಪಳದ ವ್ಯಾಪಾರಿಗಳು ಕಡಲ ನೀರುನಾಯಿಗಳನ್ನು ನಿರ್ಮೂಲ ಮಾಡಿದ್ದರು. ಅವುಗಳ ಆಹಾರವಾಗಿದ್ದ ಅರ್ಚಿನ್ ಎಂಬ ಮುಳ್ಳುಮೈಯ ಜೀವಿಗಳು ಮಿತಿಮೀರಿ ಹೆಚ್ಚಿ ಕೆಲ್ಪ್ ಎಂಬ ಕಡಲಪಾಚಿಯ ಕಾಡನ್ನು ಮೇಯ್ದುಬಿಟ್ಟವು. ಈಗ ಮುಳುಗುಗಾರರು ನೀರಿಗಿಳಿದು ಅರ್ಚಿನ್‌ಗಳನ್ನು ತೆಗೆದು ಆ ಕಾಡು ಮತ್ತೆ ಚಿಗುರಲು ಎಡೆಮಾಡುತ್ತಿದ್ದಾರೆ. ನೆಲದ ಮೇಲೆ, ಹೊರಗಿನಿಂದ ತಂದುಬಿಟ್ಟ ಜಿಂಕೆಗಳು ಸೀಡರ್ ಸಸಿಗಳನ್ನು ಮೇಲೇಳಗೊಡುತ್ತಿರಲಿಲ್ಲ. ಕೆಲವು ದ್ವೀಪಗಳಿಂದ ಅವನ್ನು ನಿವಾರಿಸುವ ಕಾರ್ಯ ನಡೆದಿದೆ. ಇದು ಜೀವಶಾಸ್ತ್ರದ ಮಾತು, ಸಂಸ್ಕೃತಿಗೆ ಸಂಬಂಧಪಟ್ಟದ್ದಲ್ಲ ಎಂದು ಯಾರಾದರೂ ಹೇಳಬಹುದು. ಆದರೆ ಸೀಡರ್ ಇಲ್ಲದಿದ್ದರೆ ಮುಂದಿನ ಶಿಲ್ಪಿಗೆ ಮರವೆಲ್ಲಿಂದ ಬರಬೇಕು?

ಎಲ್ಲವೂ ಸುಗಮವಾಗಿದೆ ಎಂದು ನಾನು ಹೇಳಲಾರೆ. ಹೆರಿಂಗ್ ಮೀನು ಕೆಲ್ಪ್ ಎಲೆಗಳ ಮೇಲೆ ಇಡುವ ತತ್ತಿ ಹೈಡಾ ಜನರ ಹಿಂದಿನಿಂದ ಬಂದ ಆಹಾರ. ಮೀನು ವಿರಳವಾಗಿದೆ ಎಂದು ಅವರು ಬೇಡವೆಂದರೂ, 2015ರಲ್ಲಿ ಮೀನುಗಾರಿಕೆಯ ಮಂತ್ರಿಗಳು ವಾಣಿಜ್ಯ ಬೇಟೆಗೆ ಅನುಮತಿ ಕೊಟ್ಟರು. ಹೈಡಾ ಜನ ನ್ಯಾಯಾಲಯದ ಮೆಟ್ಟಿಲು ಹತ್ತಿ ತಡೆಯಾಜ್ಞೆ ತರಬೇಕಾಯಿತು. ಒಮ್ಮತದ ಮಂಡಳಿ ಇದ್ದಲ್ಲಿಯೂ ಹಳೆಯ ಅಭ್ಯಾಸ ಅಷ್ಟು ಬೇಗ ಸಾಯುವುದಿಲ್ಲ. ಮಂಡಳಿಯ 2018ರ ಯೋಜನೆ ಹೈಡಾ ನೀತಿಗಳನ್ನೇ ತನ್ನ ಸೂತ್ರಗಳನ್ನಾಗಿ ಇಟ್ಟುಕೊಂಡಿದೆ. ಪಡೆದದ್ದಕ್ಕೆ ಪ್ರತಿಯಾಗಿ ಕೊಡಬೇಕೆಂಬುದು ಅವುಗಳಲ್ಲಿ ಒಂದು. ಲೋಕ ಕತ್ತಿಯ ಅಲಗಿನಂತೆ ಹರಿತವಾದದ್ದು, ಎಚ್ಚರ ತಪ್ಪಿದರೆ ಬಿದ್ದೇವು ಎಂಬುದು ಇನ್ನೊಂದು. ಅಸಿಧಾರಾವ್ರತದ ಮಾತು ಬಲ್ಲ ನಮಗೆ ಇದರ ಅರ್ಥ ಕಷ್ಟವಾಗದು.

ಶಿಲ್ಪಗಳನ್ನು ಬೀಳಬಿಟ್ಟರೆ ಮನುಕುಲಕ್ಕೆ ನಷ್ಟವಲ್ಲವೇ ಎಂಬ ಆಕ್ಷೇಪ ಉಳಿದೇ ಇದೆ. ನಷ್ಟ ಹೌದು. ಆದರೆ 2013ರ ಆಗಸ್ಟಿನಲ್ಲಿ ಲಯಲ್ ದ್ವೀಪದ ದಡದಲ್ಲಿ ನಡೆದದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಲ್ಲಿ ನೂರಾರು ಜನ ಹಗ್ಗ ಹಿಡಿದು 42 ಅಡಿಯ ಹೊಸ ಕಂಬವೊಂದನ್ನು ಎತ್ತಿ ನಿಲ್ಲಿಸಿದರು. ಜೇಲನ್ ಈಡನ್‌ಷಾ ಎಂಬ ಹೈಡಾ ಶಿಲ್ಪಿ ಕೆತ್ತಿದ ಆ ಕಂಬದಲ್ಲಿ, 1985ರ ಪ್ರತಿಭಟನೆಯ ನೆನಪಿಗೆ, ಒಬ್ಬರನ್ನೊಬ್ಬರು ಹಿಡಿದು ನಿಂತ ಐವರು ಇದ್ದಾರೆ. ಗ್ವಾಯ್ ಹಾನಾಸಿನಲ್ಲಿ ಕಂಬ ಎದ್ದು 130 ವರ್ಷಗಳಿಗೂ ಮೇಲಾಗಿತ್ತು. ಹೊಸ ಕಂಬ ಎತ್ತಬಲ್ಲ ಜನ ಹಳೆಯದನ್ನು ಬೀಳಲು ಬಿಡಬಲ್ಲರು. ಎತ್ತುವ ಕೈಗಳನ್ನು ಕಳೆದುಕೊಂಡವರಿಗೆ ಮಾತ್ರ ಬಿದ್ದ ಪ್ರತಿಯೊಂದು ಚೂರೂ ಕೊನೆಯದಾಗಿ ಕಾಣುತ್ತದೆ.

2024ರಲ್ಲಿ ಬ್ರಿಟಿಷ್ ಕೊಲಂಬಿಯ ಪ್ರಾಂತವೂ, 2025ರ ಫೆಬ್ರವರಿಯಲ್ಲಿ ಕೆನಡಾ ಸರ್ಕಾರವೂ ಹೈಡಾ ಗ್ವಾಯ್ ನೆಲದ ಮೇಲೆ ಹೈಡಾ ಜನರ ಹಕ್ಕನ್ನು ಒಪ್ಪಂದಗಳ ಮೂಲಕ ಮಾನ್ಯಮಾಡಿದವು. ಎರಡು ಅಂಕಣಗಳ ಆ ಕಾಗದಕ್ಕೆ ಸಹಿ ಬಿದ್ದು ಆಗ ಮೂವತ್ತು ವರ್ಷ ದಾಟಿತ್ತು. ಅಷ್ಟು ಕಾಲ ಒಡೆತನದ ಜಗಳವನ್ನು ಬದಿಗಿಟ್ಟು ಎರಡೂ ಕಡೆಯವರು ಒಂದೇ ಮೇಜಿನ ಸುತ್ತ ಕುಳಿತು ಕಾಡನ್ನೂ ಕಡಲನ್ನೂ ಕಾದರು. ಸ್ಗಾಂಗ್ ಗ್ವಾಯಿನ ಕಂಬಗಳು ಈಗಲೂ ಮಳೆಯಲ್ಲಿ ನೆನೆಯುತ್ತ ನಿಂತಿವೆ. ಅವುಗಳಲ್ಲಿ ಒಂದು ಮುಂದಿನ ಚಳಿಗಾಲದ ಬಿರುಗಾಳಿಗೆ ಉರುಳಿದರೆ, ಅದನ್ನು ಮೊದಲು ಕಂಡು ಏನು ಮಾಡಬೇಕೆಂದು ಹೇಳುವವರು ಅದನ್ನು ಎತ್ತಿದವರ ಮೊಮ್ಮಕ್ಕಳ ಮಕ್ಕಳೇ ಆಗಿರುತ್ತಾರೆ.